ಕಾವಲಿನ ಕಾಗದಗಳು ಯಾರ ಸ್ವತ್ತು?

ದೊಡ್ಡವರೊಬ್ಬರು ತೀರಿಕೊಂಡ ಬಳಿಕ ಅವರ ಚರಿತ್ರೆಯನ್ನು ಶಿಷ್ಯರು ಬರೆಯುವರು, ಸ್ನೇಹಿತರು ಬರೆಯುವರು. ಮಕ್ಕಳಿಗೆ ಅನುಕೂಲವಿದ್ದರೆ ಸ್ಮರಣ ಸಂಚಿಕೆಯೊಂದು ಹೊರಡುವುದು. ಆದರೆ ಇವರೆಲ್ಲರಿಗಿಂತ ಮೊದಲೇ, ಅವರು ದೊಡ್ಡವರೆಂದು ಊರಿಗೆ ತಿಳಿಯುವುದಕ್ಕೆ ಮುಂಚೆಯೇ, ಅವರ ದಿನಚರಿಯನ್ನು ಬರೆದಿಡುವವನು ಇನ್ನೊಬ್ಬನುಂಟು. ಅವನು ಸರಕಾರದ ಗುಪ್ತಚಾರನು. ಯಾವ ದಿವಸ ಯಾರ ಮನೆಯಲ್ಲಿ ಇಳಿದುಕೊಂಡರು, ಸಭೆಗೆ ಎಷ್ಟು ಜನ ಕೂಡಿದ್ದರು, ಯಾವ ಊರಿನಿಂದ ಕಾಗದ ಬಂದಿತು, ಮಾತಿನ ನಡುವೆ ಯಾರು ಚಪ್ಪಾಳೆ ತಟ್ಟಿದರು ಎಂಬ ಸಂಗತಿಗಳನ್ನು ಅವನಷ್ಟು ಶ್ರದ್ಧೆಯಿಂದ ಯಾವ ಶಿಷ್ಯನೂ ಗುರುತಿಟ್ಟಿರುವುದಿಲ್ಲ. ಶಿಷ್ಯನಿಗೆ ಭಕ್ತಿಯಿತ್ತು, ಇವನಿಗೆ ಸಂಬಳವಿತ್ತು.

ಇದು ಬರಿಯ ವಿನೋದದ ಮಾತಲ್ಲ. 1916ನೆಯ ಇಸವಿ ಮೇ 1ರಂದು ಲೋಕಮಾನ್ಯ ತಿಲಕರು ಬೆಳಗಾವಿಯಲ್ಲಿ ಸ್ವರಾಜ್ಯದ ವಿಷಯವಾಗಿ ಮಾತನಾಡಿದರು. ಅದೇ ತಿಂಗಳ ಕೊನೆಯ ದಿವಸವೂ ಅದರ ಮರುದಿವಸವೂ ಅಹಮದನಗರದಲ್ಲಿ ಮಾತನಾಡಿದರು. ಸರಕಾರದ ಶೀಘ್ರಲಿಪಿಕಾರರು ಬರೆದುಕೊಂಡ ಟಿಪ್ಪಣಿಗಳ ಆಧಾರದಿಂದಲೇ ಅವರ ಮೇಲೆ ಮೊಕದ್ದಮೆ ಹೂಡಲ್ಪಟ್ಟಿತು. ಪುಣೆಯ ಮ್ಯಾಜಿಸ್ಟ್ರೇಟನು ಸನ್ನಡತೆಗೆ ಜಾಮೀನು ಕೊಡಬೇಕೆಂದು ವಿಧಿಸಿದನು. ನವೆಂಬರಿನಲ್ಲಿ ಮುಂಬಯಿಯ ಹೈಕೋರ್ಟು ಆ ಆಜ್ಞೆಯನ್ನು ರದ್ದು ಮಾಡಿತು. ಬೆಳಗಾವಿಯ ಆ ಭಾಷಣವು ಅಂದು ನೆರೆದವರ ಕಿವಿಯೊಡನೆ ಅಳಿದುಹೋಗದೆ ಇಂದಿಗೂ ಓದಲು ದೊರೆಯುವಂತೆ ಉಳಿದುದರಲ್ಲಿ, ಆಡಿದವರನ್ನು ಹಿಡಿಯಬೇಕೆಂದು ಕುಳಿತಿದ್ದವನ ಲೇಖನಿಗೂ ಪಾಲುಂಟು. ಮುಂದೆ 1957ರಿಂದ ಮುಂಬಯಿ ಸರಕಾರವೇ ತನ್ನ ದಫ್ತರಗಳೊಳಗಿನ ಇಂಥ ಕಾಗದಗಳನ್ನು ಸ್ವಾತಂತ್ರ್ಯದ ಚಳವಳಿಯ ಚರಿತ್ರೆಗೆ ಆಕರಗಳೆಂದು ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿತು. ಬಲೆಯಾಗಿದ್ದುದು ಭಂಡಾರವಾಯಿತು.

ಹಾಗಾದರೆ ಪ್ರಶ್ನೆಯು ಇದು: ಸರಕಾರವು ಒಬ್ಬ ಸಾರ್ವಜನಿಕ ಪುರುಷನ ಮೇಲೆ ಕಾವಲಿಟ್ಟು ಬರೆದುಕೊಂಡ ಕಾಗದಗಳನ್ನು, ಅವನು ಗತಿಸಿದ ಬಳಿಕ, ಬೇರೆಯವರು ಕೇಳಬಹುದೆ? ಕೇಳುವುದಾದರೆ ಯಾವ ಹಕ್ಕಿನಿಂದ? ಮತ್ತು ಕೈಗೆ ಬಂದ ಕಾಗದವನ್ನು ಏನು ಮಾಡಬೇಕು?

ಬೀದರ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಉಳಿದ ಕಡೆಗಳಿಗಿಂತ ತೊಡಕು ಹೆಚ್ಚು. ನಿಜಾಮರ ಆಳಿಕೆಯಲ್ಲಿ ಸಾರ್ವಜನಿಕ ಸಭೆ ಕೂಡಿಸುವುದಕ್ಕೆ ಅಪ್ಪಣೆ ಬೇಕಾಗಿದ್ದಿತು. 53ನೆಯ ಗಸ್ತಿಯೆಂದು ಹೆಸರಾದ ಸುತ್ತೋಲೆಯನ್ನು ಆ ಕಾಲದ ಹಿರಿಯರು ಕೊನೆಯವರೆಗೂ ಮರೆಯಲಿಲ್ಲ. ಖಾಸಗಿ ಶಾಲೆಗಳಿಗೂ ಅಪ್ಪಣೆ ಬೇಕು. ಹೈದರಾಬಾದಿನ ಸ್ಟೇಟ್ ಕಾಂಗ್ರೆಸ್ಸಂತೂ 1938ರಲ್ಲಿ ಹುಟ್ಟುವ ಮೊದಲೇ ನಿಷೇಧಕ್ಕೆ ಒಳಗಾಗಿ, 1946ರವರೆಗೆ ಹಾಗೆಯೇ ಇದ್ದಿತು. ಅಪ್ಪಣೆ ಬೇಕೆಂಬ ಕಡೆ ಕಾವಲು ಇರಲೇಬೇಕಷ್ಟೆ. ಹಳ್ಳಿಯ ಪೊಲೀಸ ಪಟೇಲನು ಠಾಣೆಯ ಅಮೀನನಿಗೆ ಹೇಳಬೇಕು, ಅಮೀನನು ಜಿಲ್ಲೆಯ ಪೊಲೀಸಿನ ಮುಖ್ಯಾಧಿಕಾರಿಯಾದ ಮೊಹತಮಿಮನಿಗೆ ಬರೆಯಬೇಕು, ಅಲ್ಲಿಂದ ಕಾಗದವು ರಾಜಧಾನಿಗೆ ಏರಬೇಕು. ಏರಿದ ಕಾಗದವು ಇಳಿದು ಬರುವ ಕ್ರಮವಿರಲಿಲ್ಲ.

1956ರ ನವೆಂಬರ್ 1ರಂದು ಹೈದರಾಬಾದು ಸಂಸ್ಥಾನವು ಒಡೆದಾಗ ಬೀದರ ಜಿಲ್ಲೆಯೂ ಮೂರು ತುಂಡಾಯಿತು. ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ, ಜಹೀರಾಬಾದುಗಳು ಆಂಧ್ರಕ್ಕೆ ಹೋದವು. ಬೀದರ, ಭಾಲ್ಕಿ, ಔರಾದ, ಹುಮನಾಬಾದುಗಳ ಕಡೆಯ ನೆಲವು ಮೈಸೂರಿಗೆ ಬಂದಿತು. ನೆಲವು ಬಂದಿತೇ ಹೊರತು ನೆಲದ ಮೇಲಿನ ಜನರನ್ನು ಕುರಿತು ರಾಜಧಾನಿಯಲ್ಲಿ ಬರೆದ ಕಾಗದವು ಬರಲಿಲ್ಲ. ಆಸಫಜಾಹಿ ಸರಕಾರದ ಹಳೆಯ ದಫ್ತರವು ಇಂದು ಹೈದರಾಬಾದಿನ ತಾರ್ನಾಕಾದಲ್ಲಿ ತೆಲಂಗಾಣದ ರಾಜ್ಯ ಪತ್ರಾಗಾರದ ವಶದಲ್ಲಿದೆ. ಉದಗೀರದ ವಕೀಲರೂ ಆರ್ಯಸಮಾಜದ ಮುಖಂಡರೂ ಆಗಿದ್ದ ಶ್ಯಾಮಲಾಲರು 1938ರಲ್ಲಿ ಬೀದರಿನ ಸೆರೆಮನೆಯಲ್ಲಿ ತೀರಿಕೊಂಡರು; ಆ ಸಾವಿನ ವಿಷಯದಲ್ಲಿ ಆರ್ಯಸಮಾಜದವರು ಅಂದೇ ಸರಕಾರವನ್ನು ದೂರಿದರು. ಈಗ ಅವರ ಊರು ಮಹಾರಾಷ್ಟ್ರದಲ್ಲಿದೆ, ಅವರು ಸತ್ತ ಊರು ಕರ್ನಾಟಕದಲ್ಲಿದೆ, ಆ ಸರಕಾರದ ದಫ್ತರವು ತೆಲಂಗಾಣದಲ್ಲಿದೆ. ಒಬ್ಬ ಮೃತನ ಕಡತವನ್ನು ಕೇಳುವವನು ಮೂರು ರಾಜ್ಯಗಳ ಗಡಿ ದಾಟಬೇಕು. ಅಷ್ಟಾದರೂ ತೀರಲಿಲ್ಲ. 1884ರಿಂದ ಉರ್ದುವು ಅಲ್ಲಿಯ ಸರಕಾರದ ಭಾಷೆಯಾಗಿದ್ದುದರಿಂದ ಕಾಗದವು ಉರ್ದುವಿನಲ್ಲಿರುವುದು. ಅದೂ ಗುಮಾಸ್ತನ ಅವಸರದ ಮುರುಕು ಬರಹದಲ್ಲಿ. ತಾರೀಖು ಫಸಲಿಯಲ್ಲಿರುವುದು. 1357 ಎಂದು ಬರೆದಿದ್ದರೆ ಅದಕ್ಕೆ 590 ಕೂಡಿಸಿ, ಅದು 1947ರ ಅಕ್ಟೋಬರಿನಲ್ಲಿ ಮೊದಲಾಗಿ ಮರುವರ್ಷದ ಪೊಲೀಸ್ ಕಾರ್ಯಾಚರಣೆಯನ್ನೂ ಒಳಗೊಂಡ ವರ್ಷವೆಂದು ತಿಳಿದುಕೊಳ್ಳಬೇಕು.

ಕಾನೂನು ಏನು ಹೇಳುವುದೆಂಬುದನ್ನು ಬೇಗನೆ ನೋಡಿಬಿಡಬಹುದು. 2005ರ ಮಾಹಿತಿ ಹಕ್ಕಿನ ಕಾಯಿದೆಯು ಹತ್ತು ರೂಪಾಯಿ ಕಟ್ಟಿದ ಯಾವ ಪ್ರಜೆಗಾದರೂ ಕೇಳುವ ಅಧಿಕಾರವನ್ನು ಕೊಟ್ಟಿತು. ಏಕೆ ಬೇಕೆಂದು ಕಾರಣ ಹೇಳಬೇಕಾಗಿಲ್ಲ. ಮೂವತ್ತು ದಿವಸಗಳಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಶಬ್ದಗಳೊಳಗೆ. ಒಂದು ಜೀವಮಾನವನ್ನು ನೂರೈವತ್ತು ಶಬ್ದಗಳಲ್ಲಿ ಕೇಳುವುದು ಕವಿಗಳಿಗೂ ಕಷ್ಟವೇ ಸರಿ. ಇಪ್ಪತ್ತು ವರ್ಷ ಕಳೆದ ಸಂಗತಿಗಳಿಗೆ ಹಲವು ಗೋಪ್ಯಗಳು ಅಡ್ಡ ಬರಲಾರವೆಂದು ಅದೇ ಕಾಯಿದೆಯ 8ನೆಯ ಕಲಮು ಹೇಳುವುದು. ಆದರೆ 24ನೆಯ ಕಲಮು ಕೇಂದ್ರದ ಗುಪ್ತಚಾರ ಇಲಾಖೆಯನ್ನು ಕಾಯಿದೆಯ ಹೊರಗೇ ಇಟ್ಟಿರುವುದು. ಲಂಚ ಅಥವಾ ಮಾನವ ಹಕ್ಕುಗಳ ಭಂಗದ ಆಪಾದನೆ ಇದ್ದರೆ ಮಾತ್ರ ಬಾಗಿಲು ತುಸು ತೆರೆಯುವುದು. ಒಂದು ಕೈ ತೆರೆದುದನ್ನು ಇನ್ನೊಂದು ಕೈ ಮುಚ್ಚುವುದೆಂದು ಹೇಳಿದರೆ ಅನ್ಯಾಯವಾಗದು.

ಕೇಳುತ್ತಲೇ ಇದ್ದರೆ ಏನಾಗುವುದೆಂಬುದಕ್ಕೆ ನೇತಾಜಿ ಸುಭಾಷಚಂದ್ರ ಬೋಸರ ಕಡತಗಳೇ ನಿದರ್ಶನ. ಮನೆಯವರೂ ಮೊರೆಯಿಟ್ಟರು, ಮನೆಯವರಲ್ಲದವರೂ ಮೊರೆಯಿಟ್ಟರು. ಪಶ್ಚಿಮ ಬಂಗಾಳದ ಸರಕಾರವು 2015ರ ಸೆಪ್ಟೆಂಬರ್ 18ರಂದು 64 ಕಡತಗಳನ್ನು ಹೊರಗಿಟ್ಟಿತು; ಕೇಂದ್ರ ಸರಕಾರವು 2016ರ ಜನವರಿ 23ರಂದು 100 ಕಡತಗಳನ್ನು ಬಿಡುಗಡೆ ಮಾಡಿತು. ನೇತಾಜಿಯವರ ಅಂತ್ಯದ ವಿಷಯವನ್ನು ತಿಳಿಯಲೆಂದು ಹೋದವರಿಗೆ ದೊರೆತುದರಲ್ಲಿ ಬೇರೊಂದು ಸಂಗತಿ ಇದ್ದಿತು: ಸ್ವತಂತ್ರ ಭಾರತದ ಸರಕಾರವು 1948ರಿಂದ 1968ರವರೆಗೆ ಇಪ್ಪತ್ತು ವರ್ಷಗಳ ಕಾಲ ಅವರ ಅಣ್ಣನ ಮನೆಯವರ ಮೇಲೆ ಕಾವಲಿಟ್ಟು, ಅವರಿಗೆ ಬಂದ ಕಾಗದಗಳನ್ನು ತೆರೆದು ನಕಲು ಮಾಡಿಕೊಂಡಿದ್ದಿತು. ಯಾರನ್ನು ಕುರಿತು ಕೇಳಿದರೋ ಅವರ ವಿಷಯಕ್ಕಿಂತ, ಯಾರನ್ನು ಕೇಳಿದರೋ ಅವರ ವಿಷಯವೇ ಹೆಚ್ಚಾಗಿ ಹೊರಬಿದ್ದಿತು.

ಗುಪ್ತ ಕಡತದ ಸ್ವಭಾವವೇ ಅದು. ಅದು ಮೊದಲಿಗೆ ಕಾವಲಿಟ್ಟವನ ಆತ್ಮಚರಿತ್ರೆ. ಕಾವಲಿಗೊಳಗಾದವನ ಚರಿತ್ರೆಯು ಅದರಲ್ಲಿ ಎರಡನೆಯದು. ಸರಕಾರವು ಏನನ್ನು ಹೆದರುತ್ತಿದ್ದಿತು, ಯಾವ ಮಾತನ್ನು ರಾಜದ್ರೋಹವೆಂದೆಣಿಸುತ್ತಿದ್ದಿತು, ಯಾರ ಮನೆಯ ಮದುವೆಗೆ ಯಾರು ಬಂದರೆ ಅದಕ್ಕೆ ನಿದ್ರೆ ಕೆಡುತ್ತಿದ್ದಿತು ಎಂಬುದೆಲ್ಲ ಅಲ್ಲಿ ನಿಚ್ಚಳವಾಗಿ ಕಾಣುವುದು. ಆದಕಾರಣ ‘ಸತ್ತವರ ಸುದ್ದಿ ಏಕೆ? ಅವರನ್ನು ನೆಮ್ಮದಿಯಾಗಿ ಬಿಡಿರಿ’ ಎಂಬ ಆಕ್ಷೇಪಣೆಗೆ ಹೆಚ್ಚಿನ ತೂಕವಿಲ್ಲ. ಅವರು ಬದುಕಿದ್ದಾಗ ನೆಮ್ಮದಿಯಾಗಿ ಬಿಡದವರ ಬಾಯಲ್ಲಿ ಆ ಮಾತು ಶೋಭಿಸುವುದೂ ಇಲ್ಲ. ಪ್ರಜೆಯ ಹಣದಿಂದ, ಪ್ರಜೆಯ ಮೇಲೆ, ಪ್ರಜೆಗೆ ತಿಳಿಯದಂತೆ ಬರೆದ ಕಾಗದವು, ಅದನ್ನು ಬರೆಯಿಸಿದ ಭಯವು ತೀರಿದ ಬಳಿಕ, ಯಾರ ಸ್ವತ್ತಾಗಬೇಕು? ನಿಜಾಮರ ಸಂಸ್ಥಾನದ ಭಯವು 1948ರ ಸೆಪ್ಟೆಂಬರ್ 17ರಂದು ತೀರಿತು. ಅಲ್ಲಿಂದೀಚೆಗೆ ಆ ಕಾಗದಗಳನ್ನು ಬೀಗದೊಳಗಿಡುವುದಕ್ಕೆ ಆಲಸ್ಯದ ಹೊರತು ಬೇರೆ ಕಾರಣವಿಲ್ಲ.

ಆದರೆ ಕೇಳುವವನ ಮನಸ್ಸನ್ನೂ ಪರೀಕ್ಷಿಸಬೇಕಾಗಿದೆ. ಮೊಮ್ಮಗನೋ ಶಿಷ್ಯನೋ ಅರ್ಜಿ ಬರೆಯುವಾಗ, ಅಜ್ಜನವರ ಧೈರ್ಯಕ್ಕೆ ಶತ್ರುವಿನ ಕೈಯ ಯೋಗ್ಯತಾಪತ್ರ ದೊರೆಯುವುದೆಂಬ ಆಸೆ ಒಳಗೊಳಗೆ ಇದ್ದೇ ಇರುವುದು. ಕಡತದಲ್ಲಿ ಮಾಫಿನಾಮೆಯೊಂದು ಸಿಕ್ಕಿದರೆ? ‘ಇನ್ನು ಮುಂದೆ ಚಳವಳಿಯಲ್ಲಿ ಸೇರುವುದಿಲ್ಲ’ ಎಂದು ಅಜ್ಜನವರೇ ರುಜು ಹಾಕಿದ್ದರೆ? ಸೆರೆಮನೆಯ ಕೋಣೆಯಲ್ಲಿ ಹಾಕಿದ ರುಜುವನ್ನು ಬೈಠಕಖಾನೆಯಲ್ಲಿ ಕುಳಿತು ಅಳೆಯುವುದು ಸುಲಭ, ನ್ಯಾಯವಲ್ಲ. ಅದಲ್ಲದೆ ಗುಪ್ತಚಾರನು ಬರೆದುದೆಲ್ಲ ಸತ್ಯವೆಂಬ ನಿಯಮವೂ ಇಲ್ಲ. ಬಾತ್ಮಿ ತರುವುದೇ ಹೊಟ್ಟೆಪಾಡಾದವನು ಬಾತ್ಮಿಯಿಲ್ಲದ ದಿನವೂ ಏನಾದರೊಂದು ತರಲೇಬೇಕು. ಹತ್ತು ಜನರ ಭಜನೆಯು ಅವನ ಕಾಗದದಲ್ಲಿ ನೂರು ಜನರ ಒಳಸಂಚಾಗಬಹುದು. ಈ ಎರಡು ಸಾಧ್ಯತೆಗಳಿಗೂ, ಎಂದರೆ ಅಪ್ರಿಯವಾದ ಸತ್ಯಕ್ಕೂ ಪ್ರಿಯವಾದ ಸುಳ್ಳಿಗೂ, ಸಿದ್ಧನಾಗದವನು ಆ ಹತ್ತು ರೂಪಾಯಿಯನ್ನು ಉಳಿಸಿಕೊಳ್ಳುವುದು ಲೇಸು.

ಇದಕ್ಕಿಂತ ಕಠಿನವಾದುದು ಬಾತ್ಮಿ ಕೊಟ್ಟವರ ಹೆಸರಿನ ಪ್ರಶ್ನೆ. ಬೀದರ ಜಿಲ್ಲೆಯ ಕಲ್ಯಾಣದಲ್ಲಿಯೇ ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಮೇಲೆ ಬಿಜ್ಜಳನಿಗೆ ಚಾಡಿ ಹೇಳಿದವನೊಬ್ಬನ ಕಥೆಯುಂಟು. ಭಂಡಾರದ ಹಣವು ಜಂಗಮರ ಪಾಲಾಗುತ್ತಿದೆಯೆಂದು ಅವನು ದೂರಿದನೆಂದೂ, ಲೆಕ್ಕ ನೋಡಿದರೆ ಒಂದು ಹಾಗವೂ ಕಡಮೆಯಿರಲಿಲ್ಲವೆಂದೂ ಹೇಳುವರು. ಅವನ ಹೆಸರು ಇಂದಿಗೂ ಕೊಂಡೆಯ ಮಂಚಣ್ಣ. ಕೊಂಡೆಯೇ ಅವನ ಮನೆಹೆಸರಾಗಿ ನಿಂತಿತು. ಎಂಟುನೂರು ವರ್ಷಗಳಾದುದರಿಂದ ಆ ಹೆಸರು ಯಾರ ಮನೆಯ ಬಾಗಿಲಿಗೂ ಅಂಟಿಕೊಂಡಿಲ್ಲ. ಹರಿಕಥೆಯಲ್ಲಿ ಅವನನ್ನು ನಗಬಹುದು, ಬಯ್ಯಬಹುದು. ಆದರೆ 1947ರಲ್ಲಿ ಅಮೀನನ ಮುಂದೆ ಕೈಕಟ್ಟಿ ನಿಂತ ಪಟೇಲನ ಮೊಮ್ಮಕ್ಕಳು ಇಂದು ಅದೇ ಓಣಿಯಲ್ಲಿದ್ದಾರೆ. ಅರ್ಜಿ ಹಾಕಿದವನ ಮಕ್ಕಳೊಡನೆ ಒಂದೇ ಶಾಲೆಗೆ ಹೋಗುತ್ತಾರೆ. ಕಾಲದ ದೂರವು ತೊಳೆಯುವಷ್ಟನ್ನು ಅಲ್ಲಿಂದೀಚಿನ ವರ್ಷಗಳು ತೊಳೆದಿಲ್ಲ.

ಆ ಪಟೇಲನ ತಪ್ಪು ಎಷ್ಟು? ಭವಭೂತಿಯ ‘ಉತ್ತರರಾಮಚರಿತ’ದಲ್ಲಿ ದುರ್ಮುಖನೆಂಬ ಚಾರನು ಬಂದು ಸೀತೆಯನ್ನು ಕುರಿತು ಜನರಾಡುವ ಮಾತನ್ನು ರಾಮನ ಕಿವಿಯಲ್ಲಿ ಉಸುರುವನು. ಕೇಳಿ ಬರಲೆಂದೇ ಅವನನ್ನು ನಿಯಮಿಸಿದ್ದರು, ಕೇಳಿದುದನ್ನು ಹೇಳಿದನು. ಕೇಳಿದ ಮಾತಿನ ಮೇಲೆ ಗರ್ಭಿಣಿಯನ್ನು ಕಾಡಿಗೆ ಕಳುಹಿಸಿದುದು ಅರಸನ ನಿರ್ಧಾರ. ಆಜ್ಞೆ ಕೊಟ್ಟವನೂ ಆಜ್ಞೆಗೆ ತಲೆಬಾಗಿದವನೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವರಲ್ಲ. ಅಧಿಕಾರಿಯ ಹೆಸರನ್ನು ಮರೆಮಾಡುವುದಕ್ಕೆ ಯಾವ ಕಾರಣವೂ ಇಲ್ಲ. ಅವನು ತನ್ನ ಹುದ್ದೆಯ ರುಜುವನ್ನು ಹಾಕಿಯೇ ಬರೆದನು. ಹಳ್ಳಿಯವನ ಮಾತು ಬೇರೆ.

ಪೂರ್ವ ಜರ್ಮನಿಯ ಗುಪ್ತ ಪೊಲೀಸರ ಕಡತಗಳಿಗಾಗಿ ಜರ್ಮನಿಯವರು 1991ರ ಡಿಸೆಂಬರಿನಲ್ಲಿ ಒಂದು ಕಾಯಿದೆ ಮಾಡಿದರು. ಮರುತಿಂಗಳಿನಿಂದಲೇ ಜನರು ತಮ್ಮ ಮೇಲಣ ಕಡತವನ್ನು ತಾವೇ ಓದತೊಡಗಿದರು. ಮೃತರ ಕಡತವನ್ನು ಹತ್ತಿರದ ಬಂಧುಗಳೂ ಕೇಳಬಹುದಾಯಿತು. ಅಲ್ಲಿ ನಿಯಮವು ಸೂಕ್ಷ್ಮವಾಗಿದೆ. ಬಾತ್ಮಿ ಕೊಟ್ಟವನ ನಿಜವಾದ ಹೆಸರನ್ನು ಪೀಡಿತನು ಕೇಳಿ ಪಡೆಯಬಹುದು. ಆದರೆ ಕಡತದಲ್ಲಿ ಪ್ರಾಸಂಗಿಕವಾಗಿ ಬಂದ ನೆರೆಯವರ, ರೋಗಿಗಳ, ಸಾಲಗಾರರ ಹೆಸರನ್ನು ಮಸಿಯಿಂದ ಮುಚ್ಚಿ ಕೊಡುವರು. ಆ ನಿಯಮದಿಂದ ಮಿತ್ರರು ಶತ್ರುಗಳೆಂದು ಗೊತ್ತಾಗಿ ಮನೆ ಮುರಿದುದೂ ಉಂಟು. ಆದರೆ ಜರ್ಮನಿಯಲ್ಲಿ ಬಾತ್ಮಿ ಕೊಟ್ಟವನೂ ಕಾವಲಿಗೊಳಗಾದವನೂ ಬೇರೆ ಬೇರೆ ಮತದವರೆಂಬ ಗಂಟು ಇರಲಿಲ್ಲ. ಬೀದರಿನಲ್ಲಿ ಅದುಂಟು. ರಜಾಕಾರರ ಕೈಯಲ್ಲಿ ಸತ್ತವರ ನೆನಪು ಗೋರಟಾದಂಥ ಹಳ್ಳಿಗಳಲ್ಲಿ ಇನ್ನೂ ಹಸಿಯಾಗಿದೆ. ಆ ಬಳಿಕ, ಪೊಲೀಸ್ ಕಾರ್ಯಾಚರಣೆಯ ಹೊತ್ತಿನಲ್ಲಿಯೂ ಅದರ ಬೆನ್ನಿಗೂ, ಉಸ್ಮಾನಾಬಾದು, ಗುಲಬರ್ಗಾ, ಬೀದರ, ನಾಂದೇಡ ಈ ನಾಲ್ಕು ಜಿಲ್ಲೆಗಳಲ್ಲಿ ಸತ್ತವರು 18,000ಕ್ಕೆ ಕಡಮೆಯಿಲ್ಲವೆಂದು ಪಂಡಿತ ಸುಂದರಲಾಲರ ಸಮಿತಿಯು ಸರಕಾರಕ್ಕೆ ಬರೆದುಕೊಟ್ಟಿತು. ಸತ್ತವರಲ್ಲಿ ಹೆಚ್ಚಿನವರು ಮುಸಲ್ಮಾನರು. ಆ ವರದಿಯನ್ನು ಸರಕಾರವು ಪ್ರಕಟಿಸಲಿಲ್ಲ. ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಜನರ ಕಣ್ಣಿಗೆ ಬಿದ್ದುದು 2013ರಲ್ಲಿ. ಎರಡು ಕಡೆಯ ಸಾವುಗಳಲ್ಲಿ ಒಂದನ್ನು ಹಾಡಿ ಒಂದನ್ನು ಅಡಗಿಸಿದ ನೆಲದಲ್ಲಿ, ಒಂದು ಹೆಸರು ಹೊರಬಿದ್ದರೆ ಅದು ಹೆಸರಾಗಿ ಉಳಿಯುವುದಿಲ್ಲ. ಒಂದು ಕುಲದ ಮೇಲಿನ ತೀರ್ಪಾಗಿ ಓಡಾಡುವುದು.

ಹಾಗೆಂದು ಹೆಸರನ್ನು ಮಸಿಯಿಂದ ಮುಚ್ಚಿಬಿಟ್ಟರೆ ಸಾಲದೆ? ಸಾಲದು. ಒಂದು ಹೆಸರನ್ನು ಮುಚ್ಚಿದ ಕಪ್ಪು ಗೆರೆಯು ಓಣಿಯ ಹತ್ತು ಮನೆಗಳ ಮೇಲೆ ಸಂದೇಹವನ್ನು ಹರಡುವುದು. ನಿಜವಾಗಿ ಬಾತ್ಮಿ ಕೊಟ್ಟವನು ಸ್ವಜಾತಿಯವನೇ, ಪಕ್ಕದ ಮನೆಯವನೇ ಆಗಿದ್ದರೂ, ಮಸಿಯ ಕೆಳಗೆ ಪ್ರತಿಯೊಬ್ಬನೂ ತನಗೆ ಬೇಡವಾದ ಮತದವನನ್ನೇ ಓದುವನು. ಆದುದರಿಂದ ಹೆಸರು ಓದುವವನಿಗೆ ಕಾಣಬೇಕು, ಅಚ್ಚಿಗೆ ಹೋಗಬಾರದು. ಈ ಏರ್ಪಾಡು ಕಾನೂನಿನಿಂದ ಆಗತಕ್ಕದ್ದಲ್ಲ. ಓದಿದವನ ಬಾಯಿಯ ಮೇಲೆ ಅದು ನಿಂತಿದೆ. ಬಾಯಿಯು ಬಹಳ ದುರ್ಬಲವಾದ ಬೀಗವೆಂಬುದೂ ಎಲ್ಲರಿಗೂ ತಿಳಿದುದೇ. ಇದಕ್ಕಿಂತ ಗಟ್ಟಿಯಾದ ಉಪಾಯವು ಕಾಣುವುದಿಲ್ಲ.

ಇನ್ನೊಂದು ಸಂಗತಿಯನ್ನು ಅರ್ಜಿದಾರರು ಸಾಮಾನ್ಯವಾಗಿ ಯೋಚಿಸಿರುವುದಿಲ್ಲ. ‘ಇಂಥವರ ಹೆಸರಿನ ಕಡತವು ಇಲ್ಲ’ ಎಂಬ ಉತ್ತರ ಬಂದರೆ?

ಭಾಲ್ಕಿಯ ಹಿರೇಮಠದ ಡಾಕ್ಟರ್ ಚನ್ನಬಸವ ಪಟ್ಟದೇವರ ವಿಷಯವಾಗಿ ಜಿಲ್ಲೆಯ ಕೂಸಿಗೂ ಗೊತ್ತಿರುವ ಮಾತೊಂದುಂಟು. ಬಹುಕಾಲ ಔರಾದ ತಾಲ್ಲೂಕಿಗೆ ಸೇರಿದ್ದ ಕಮಲನಗರದಲ್ಲಿ ಹುಟ್ಟಿ, ಭಾಲ್ಕಿಯ ಪೀಠಕ್ಕೆ ಬಂದು, 1999ರವರೆಗೆ ನೂರು ವರ್ಷಕ್ಕೂ ಮೇಲ್ಪಟ್ಟು ಬಾಳಿದ ಆ ಸ್ವಾಮಿಗಳು, ನಿಜಾಮರ ಕಾಲದಲ್ಲಿ ಹೊರಗೆ ಉರ್ದುವಿನ ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರೆಂಬುದೇ ಆ ಮಾತು. ಜಿಲ್ಲೆಯ ಕನ್ನಡದ ಮನೆಗಳಲ್ಲಿ ಇದನ್ನು ಹೇಳುವಾಗ ಸರಕಾರವನ್ನು ಏಮಾರಿಸಿದ ಸಂತೋಷವು ತುಟಿಯ ಮೇಲೆ ಬರುವುದು. ಆದರೆ ಸ್ವಲ್ಪ ಯೋಚಿಸಬೇಕು. ಒಂದು ಫಲಕದಿಂದ ಸರಕಾರವು ಏಮಾರಬಹುದು, ಊರು ಏಮಾರುವುದೆ? ಪಾಠಶಾಲೆಯೆಂದರೆ ಮೌನವಾದ ವಸ್ತುವಲ್ಲ. ಮಕ್ಕಳು ಮಗ್ಗಿಯನ್ನು ಒಕ್ಕೊರಲಿನಿಂದ ಒಪ್ಪಿಸುವರು. ವಚನವನ್ನು ಕೂಗಿ ಕಲಿಯುವರು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅಕ್ಷರವನ್ನು ಧೂಳಿನಲ್ಲಿ ಬರೆಯುವರು. ಬೀದಿಯಲ್ಲಿ ನಡೆದವರೆಲ್ಲರಿಗೂ ಅದು ಕೇಳಿಸಿರಲೇಬೇಕು. ಅಂಗಡಿಯವನಿಗೆ, ಟಪಾಲಿನವನಿಗೆ, ಪಟೇಲನಿಗೆ, ಮಸೀದಿಗೆ ಹೋಗುವ ಮುದುಕನಿಗೆ. ಹಾಗಿದ್ದೂ ಆ ಶಾಲೆ ನಡೆಯಿತು.

ಇಂಥ ಶಾಲೆಯೊಂದರ ವಿಷಯವಾಗಿ ದಫ್ತರದಲ್ಲಿ ಏನೂ ಇಲ್ಲವೆಂದು ಬಂದರೆ, ಭಕ್ತನಿಗೆ ಮೊದಲು ಆಗುವುದು ಅವಮಾನ. ಎಷ್ಟು ದೊಡ್ಡ ಕೆಲಸ, ಸರಕಾರವು ಒಂದು ಹಾಳೆಯನ್ನೂ ಕೆಡಿಸಲಿಲ್ಲವೆ, ಎಂದು. ಕಡತವಿಲ್ಲದ ವೀರನು ವೀರನೇ ಅಲ್ಲವೆಂಬಂತೆ ಆಗಿಬಿಟ್ಟಿದೆ ಈಗಿನ ಕಾಲದ ಭಾವನೆ. ಆದರೆ ಕಡತವಿಲ್ಲದಿರುವುದಕ್ಕೆ ಅಲ್ಪತೆಯೊಂದೇ ಕಾರಣವಲ್ಲ. ಬರೆಯಬೇಕಾದವನು ಬರೆಯದೆ ಇದ್ದಿರಬಹುದು. ಪಟೇಲನು ಕೇಳಿಯೂ ಕೇಳದಂತೆ ಇದ್ದಿರಬಹುದು. ಅಮೀನನು ಫಲಕವನ್ನು ಓದಿ, ಒಳಗಿನ ಸ್ವರವನ್ನೂ ಆಲಿಸಿ, ಕುದುರೆಯನ್ನು ಮುಂದಕ್ಕೆ ನಡೆಸಿರಬಹುದು. ಅವನ ಮಾತೃಭಾಷೆ ಉರ್ದುವೇ ಆಗಿದ್ದಿರಬಹುದು. ಬಾತ್ಮಿ ಕೊಟ್ಟವನ ಹೆಸರು ದಫ್ತರದಲ್ಲಿ ಉಳಿಯುವುದು. ಬಾತ್ಮಿ ಕೊಡದೆ ಇದ್ದವನ ಹೆಸರು ಎಲ್ಲಿಯೂ ಉಳಿಯುವುದಿಲ್ಲ. ಯಾವ ಕಾಯಿದೆಯ ಯಾವ ಕಲಮಿನ ಕೆಳಗೂ ಅವನನ್ನು ಕೇಳಿ ಪಡೆಯಲಾಗದು. ಕೊಂಡೆಯ ಮಂಚಣ್ಣನಿಗೆ ಎಂಟುನೂರು ವರ್ಷಗಳ ಕೀರ್ತಿ. ಕೊಂಡೆ ಹೇಳದೆ ಮನೆಗೆ ಹೋದ ಇನ್ನೊಬ್ಬ ಮಂಚಣ್ಣನಿಗೆ ಒಂದು ಸಾಲೂ ಇಲ್ಲ.

ಕಡತವಿದ್ದರೆ, ಮತ್ತು ಅದರ ನಕಲು ಬೀದರಿಗೆ ಬಂದರೆ, ಅದನ್ನು ಓದುವವರು ಯಾರು? ಸ್ವಾಮಿಗಳ ಪಾಠಶಾಲೆಯಲ್ಲಿ ಕಲಿತವರ ಮೊಮ್ಮಕ್ಕಳಿಗೆ ಉರ್ದು ಬಾರದು. ಆ ಹೋರಾಟದ ಫಲವೇ ಅದು. ಚೌಬಾರಾದ ಸುತ್ತಿನಲ್ಲೋ, ಮಹಮೂದ ಗವಾನನ ಮದರಸದ ಓಣಿಯಲ್ಲೋ, ಆ ಹಳೆಯ ಮುರುಕು ಬರಹವನ್ನು ಬಿಡಿಸಬಲ್ಲ ವೃದ್ಧರನ್ನು ಹುಡುಕಬೇಕು. ಅವರು ಕನ್ನಡಕ ಹಾಕಿಕೊಂಡು ಒಂದೊಂದು ಸಾಲನ್ನೂ ಮೊದಲು ತಾವು ಓದಿಕೊಂಡು, ಆಮೇಲೆ ಬೀದರಿನ ಕನ್ನಡದಲ್ಲಿ ಹೇಳುವರು. ಕಾಗದದ ಅಡಿಯಲ್ಲಿ ಬಾತ್ಮಿ ಕೊಟ್ಟವನ ಹೆಸರು ಬರುವುದು. ಅದನ್ನು ಮೊದಲು ನೋಡುವವರು ಅರ್ಜಿದಾರನಲ್ಲ, ಆ ಮುದುಕರು. ಅದು ಯಾರ ಮನೆತನದ ಹೆಸರಾಗಿದ್ದರೂ, ಗಟ್ಟಿಯಾಗಿ ಓದುವ ಮೊದಲು ಅವರು ತುಸು ಹೊತ್ತು ಸುಮ್ಮನಿದ್ದು ಎದುರಿಗೆ ಕುಳಿತವನ ಮುಖವನ್ನು ನೋಡುವರು.